ಶ್ರವಣದೋಷವಿರುವ ಮಗುವಿನ ಸಮತೋಲನ ಮತ್ತು ಭಂಗಿ: ಮನೆಯಲ್ಲಿ ಗಮನಿಸಬೇಕಾದದ್ದು, ಮಾಡಿಸಬೇಕಾದದ್ದು

ಶ್ರವಣದೋಷವಿರುವ ಮಗು ಅಂಗಳದಲ್ಲಿ ಪದೇ ಪದೇ ಎಡವಿ ಬಿದ್ದರೆ ಮನೆಯವರು ಅದನ್ನು ಅಜಾಗರೂಕತೆ ಎಂದು ಗದರುವುದುಂಟು. ಆದರೆ ಕಾರಣ ಹಲವು ಸಲ ಕಿವಿಯೊಳಗೇ ಇರುತ್ತದೆ. ಒಳಕಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಕಾಕ್ಲಿಯಾದ ಪಕ್ಕದಲ್ಲೇ, ತಲೆ ತಿರುಗುವುದನ್ನು ತಿಳಿಸುವ ಮೂರು ಅರ್ಧವೃತ್ತ ನಾಳಗಳೂ ತಲೆ ವಾಲುವುದನ್ನು ತಿಳಿಸುವ ಎರಡು ಪುಟ್ಟ ಚೀಲಗಳೂ ಇವೆ. ಇವೆಲ್ಲದರ ಸುದ್ದಿ ಮಿದುಳಿಗೆ ಮುಟ್ಟುವುದು ಎಂಟನೆಯ ಕಪಾಲ ನರದ ಮೂಲಕವೇ. ಹಾಗಾಗಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಗರ್ಭದಲ್ಲಿ ತಗಲಿದ ಸೈಟೋಮೆಗಲೋವೈರಸ್, ಜೆಂಟಾಮೈಸಿನ್‌ನಂಥ ಔಷಧ ಅಥವಾ ಆನುವಂಶಿಕ ದೋಷ ಕೇಳುವಿಕೆಯ ಜೊತೆ ಸಮತೋಲನವನ್ನೂ ಕೆಡಿಸಿರಬಹುದು. ಎಲ್ಲ ಮಕ್ಕಳಲ್ಲೂ ಹೀಗಾಗುವುದಿಲ್ಲ. ಒಳಕಿವಿಯ ತೀವ್ರ ದೋಷವಿದ್ದಾಗ ಸಾಧ್ಯತೆ ಹೆಚ್ಚು.

ಮಗು 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ವೈದ್ಯರ ಗಮನಕ್ಕೆ ತರಬೇಕು. 5 ವರ್ಷದ ಮಗು ಸಾಮಾನ್ಯವಾಗಿ ಒಂಟಿಕಾಲಿನಲ್ಲಿ ಸುಮಾರು 10 ಸೆಕೆಂಡು ನಿಲ್ಲುತ್ತದೆ; ಅದಕ್ಕಿಂತ ತೀರ ಕಡಿಮೆಯಾದರೆ, ಅಥವಾ ಹಗಲಿನಲ್ಲಿ ಸರಿಯಾಗಿ ನಡೆಯುವ ಮಗು ಕತ್ತಲಾದೊಡನೆ ಗೋಡೆ ಹಿಡಿದರೆ, ಅದು ಕಣ್ಣಿನ ಬಲದಿಂದಷ್ಟೇ ನಿಲ್ಲುತ್ತಿದೆ ಎಂದು ಅನುಮಾನಿಸಬಹುದು. ತಡವಾಗಿ ನಡೆಯಲು ಕಲಿತ ಕಿವುಡು ಮಗುವಿಗೆ ಮುಸ್ಸಂಜೆಯಲ್ಲಿ ದೃಷ್ಟಿಯೇ ಮಂಕಾಗುತ್ತಿದ್ದರೆ ಕಣ್ಣಿನ ಪರೀಕ್ಷೆ, ಓಡುವಾಗ ಅಥವಾ ಬೆಚ್ಚಿದಾಗ ಪ್ರಜ್ಞೆ ತಪ್ಪಿದರೆ ಹೃದಯದ ಇಸಿಜಿ ತಪ್ಪದೆ ಆಗಬೇಕು; ಕೆಲವು ಆನುವಂಶಿಕ ಕಿವುಡುತನದ ಜೊತೆ ಕಣ್ಣಿನ ಅಥವಾ ಹೃದಯದ ದೋಷವೂ ಇರುವುದುಂಟು.

ಭಂಗಿಯಲ್ಲಿ ಒಂದು ಭೇದವನ್ನು ಗುರುತಿಸಬೇಕು. ಒಂದೇ ಕಿವಿ ಕೇಳುವ ಮಗು ಆ ಕಿವಿಯನ್ನು ಮಾತಿನ ಕಡೆಗೆ ತಿರುಗಿಸಿ ಕುತ್ತಿಗೆ ವಾಲಿಸಿಕೊಂಡು ಕೂರುವುದುಂಟು. ಇದಕ್ಕೆ ವ್ಯಾಯಾಮಕ್ಕಿಂತ ತರಗತಿಯಲ್ಲಿ ಕೂರುವ ಜಾಗ ಬದಲಿಸುವುದೇ ಮದ್ದು. ಕಾಲನ್ನು ಅಗಲಿಸಿ, ಭುಜ ಬಿಗಿಹಿಡಿದು, ಮೈಯನ್ನೆಲ್ಲ ಒಟ್ಟಿಗೆ ತಿರುಗಿಸುವ ಮಗುವಿನ ಸಮಸ್ಯೆ ಬೇರೆ, ಅದು ಸಮತೋಲನದ್ದು.

ಶ್ರವಣ ಪರೀಕ್ಷೆಯ ವರದಿಯಲ್ಲಿ ಸಮತೋಲನದ ಮಾತೇ ಇಲ್ಲದಿರಬಹುದು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೂ, 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದರೂ, ಪೋಷಕರೇ ಬಾಯಿಬಿಟ್ಟು ಕೇಳುವುದು ಒಳ್ಳೆಯದು. ನಡುಕಿವಿಯಲ್ಲಿ ದ್ರವ ತುಂಬಿದ್ದರೂ ಮಗು ತೂರಾಡಬಹುದು, ಅದನ್ನು ಮೊದಲು ನೋಡಿಸಬೇಕು.

ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಮನೆಯ ಅಭ್ಯಾಸವನ್ನು ಗಟ್ಟಿ ನೆಲದಿಂದ ಆರಂಭಿಸಬೇಕು. ಶ್ರವಣಸಾಧನ ಹಾಕಿಯೇ ಇರಲಿ. ಸೂಚನೆಯನ್ನು ಮಗುವಿನ ಎದುರು ನಿಂತು, ಮೊದಲು ಮಾಡಿ ತೋರಿಸಿ ಕೊಡಬೇಕು, ಏಕೆಂದರೆ ಮಾತು ಕೇಳಲು ಹಿಂದಿರುಗಿ ನೋಡಿದ ಕ್ಷಣದಲ್ಲೇ ಅದು ಬೀಳುತ್ತದೆ. ಪಾದ ಜೋಡಿಸಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ನಂತರ ಮಡಚಿದ ಕಂಬಳಿಯ ಮೇಲೆ ನಿಲ್ಲುವುದು ಎಂದು ಏರುತ್ತ ಹೋಗಿ, ಇವು ಸಲೀಸಾದ ಮೇಲಷ್ಟೇ ದೊಡ್ಡವರೊಬ್ಬರು ಬೆನ್ನ ಹಿಂದೆ ನಿಂತು ಕಣ್ಣು ಮುಚ್ಚಿಸಬೇಕು. ಚಿತ್ರವೊಂದನ್ನು ಎದುರಿಗಿಟ್ಟು, ಅದರಿಂದ ನೋಟ ಕದಲಿಸದೆ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುವ ಅಭ್ಯಾಸವೂ ಬೇಕು; ಓದುವಾಗ ಸಾಲು ತಪ್ಪುವ ಮಕ್ಕಳಿಗೆ ಇದು ವಿಶೇಷವಾಗಿ ಉಪಯುಕ್ತ. ದಿನಕ್ಕೆ ಒಮ್ಮೆ ಬಹಳ ಹೊತ್ತು ಮಾಡಿಸುವುದಕ್ಕಿಂತ ಹಲವು ಸಲ ಸ್ವಲ್ಪ ಸ್ವಲ್ಪ ಮಾಡಿಸುವುದು ಮೇಲು. ಕುಂಟೆಬಿಲ್ಲೆ, ಜೋಕಾಲಿ, ಕಾರವಾರದ ಟ್ಯಾಗೋರ್ ಕಡಲತೀರದ ಒಣ ಮರಳಿನಲ್ಲಿ ನಡಿಗೆ ಇವೆಲ್ಲ ಅಭ್ಯಾಸವೇ, ಮಗುವಿಗೆ ಮಾತ್ರ ಆಟ.

ನೀರಿನ ವಿಷಯದಲ್ಲಿ ಸಡಿಲಿಕೆ ಕೂಡದು. ಮುಳುಗಿದಾಗ ಕಾಲಿಗೆ ನೆಲವಿಲ್ಲ, ಕಣ್ಣಿಗೆ ನೋಟವಿಲ್ಲ. ಒಳಕಿವಿಯೂ ಸುದ್ದಿ ಕೊಡದಿದ್ದರೆ ಮೇಲ್ಭಾಗ ಯಾವುದೆಂದೇ ಮಗುವಿಗೆ ತಿಳಿಯದೆ ಹೋಗಬಹುದು. ಶ್ರವಣಸಾಧನ ತೆಗೆದಿಟ್ಟಿರುವುದರಿಂದ ದಡದಿಂದ ಕೂಗಿದ್ದೂ ಕೇಳಿಸುವುದಿಲ್ಲ. ಸಮುದ್ರವಿರಲಿ, ಕಾಳಿ ಅಥವಾ ಅಘನಾಶಿನಿ ನದಿಯ ಮಡುವಿರಲಿ, ಈಜು ಬಲ್ಲ ಹಿರಿಯರು ಕೈಗೆಟಕುವ ಅಂತರದಲ್ಲೇ ಇರಬೇಕು. ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಗಳ ಕಾಲುಸಂಕ ದಾಟುವಾಗ ಕೈ ಹಿಡಿದೇ ದಾಟಿಸಬೇಕು; ಚಿರೆಕಲ್ಲಿನ ಮೆಟ್ಟಿಲ ಪಾಚಿಯನ್ನು ಉಜ್ಜಿ ತೆಗೆಯಬೇಕು, ವಿದ್ಯುತ್ ಹೋದಾಗ ಬಚ್ಚಲಿನ ದಾರಿಗೆ ಬೆಳಕಿರಬೇಕು.

ಶಾಲೆಯಲ್ಲಿ ಆಟದಿಂದ ಹೊರಗಿಡುವುದು ತಪ್ಪು. ಮರ ಹತ್ತುವುದಕ್ಕೆ, ಎತ್ತರದಲ್ಲಿ ನಡೆಯುವುದಕ್ಕೆ ಮಾತ್ರ ತಡೆಯಿರಲಿ. ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ವಾಲತೊಡಗಿದರೆ, ತಲೆಸುತ್ತು ಅಥವಾ ವಾಂತಿ ಕಾಣಿಸಿದರೆ ಅಭ್ಯಾಸ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಶ್ರವಣ ಉಪಕರಣ) ಇರುವ ಮಗುವಿಗೆ ಜೊತೆಗೆ ಜ್ವರವೂ ಇದ್ದರೆ ಮೆನಿಂಜೈಟಿಸ್ ಇರಬಹುದಾದ್ದರಿಂದ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.