ಮಳೆಗಾಲದ ಘಟ್ಟಕ್ಕೆ ಸೈಕಲ್ ಹತ್ತಿಸುವ ಮುನ್ನ

ಮೊದಲ ಸಲ ಮಳೆಯಲ್ಲಿ ದೇವಿಮನೆ ಘಟ್ಟಕ್ಕೆ ಸೈಕಲ್ ತಗೊಂಡು ಹೋದಾಗ ನಾನು ಹಾಕಿದ್ದು ಬರೀ ಕಿಲೋಮೀಟರ್ ಲೆಕ್ಕ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ತಾಸಿಗೆ 15 ಹೋದರೂ ನಾಲ್ಕು ತಾಸು. ಮಧ್ಯಾಹ್ನದ ಊಟಕ್ಕೆ ಶಿರಸಿ ಅಂದುಕೊಂಡಿದ್ದೆ. ಊಟ ಆಗಿದ್ದು ರಾತ್ರಿ ಎಂಟಕ್ಕೆ.

ಮಳೆಗಾಲದಲ್ಲಿ ಕೇಳಿಕೊಳ್ಳಬೇಕಾದ್ದು ಎಷ್ಟು ದೂರ ಅಂತಲ್ಲ. ಎಲ್ಲಿ ನಿಲ್ಲಬಹುದು, ಎಲ್ಲಿಂದ ವಾಪಸ್ ತಿರುಗಬಹುದು ಅಂತ. ಮೂರು ದಿನದ ಒಂದು ಸುತ್ತನ್ನೇ ಇಟ್ಟುಕೊಂಡು ನೋಡೋಣ: ಕುಮಟಾ, ಶಿರಸಿ, ಸಿದ್ದಾಪುರ, ಜೋಗ, ಗೇರುಸೊಪ್ಪ, ಹೊನ್ನಾವರ. ಎಲ್ಲ ಸೇರಿ 180 ಕಿ.ಮೀ. ಆಸುಪಾಸು.

ಮೊದಲು ಮಳೆ ನೋಡಿ, ಆಮೇಲೆ ರಜೆ ಹಾಕಿ

ಆರಿದ್ರಾದಿಂದ ಆಶ್ಲೇಷಾ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಳೆಯದೇ ರಾಜ್ಯ. 'ಆಶ್ಲೇಷಾ ಮಳೆ ಈಸಲಾರದ ಹೊಳೆ' ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ನನ್ನ ಆಯ್ಕೆ ಆಗಸ್ಟ್ ಕೊನೆ, ಸೆಪ್ಟೆಂಬರ್. ಹಸಿರು ಹಾಗೇ ಇರುತ್ತದೆ, ಜೋಗದಲ್ಲಿ ನೀರೂ ಇರುತ್ತದೆ, ನಡುನಡುವೆ ಮಳೆ ಉಸಿರು ಬಿಡುತ್ತದೆ. ಚೌತಿಯ ಎರಡು ದಿನ ಮಾತ್ರ ಬೇಡ, ಅರ್ಧ ಅಂಗಡಿಗಳು ಮುಚ್ಚಿರುತ್ತವೆ.

ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಹಳದಿ ಅಂದರೆ ದಿನಕ್ಕೆ 64.5ರಿಂದ 115.5 ಮಿ.ಮೀ. ಮಳೆಯ ಅಂದಾಜು. ಕಿತ್ತಳೆ ಅಂದರೆ 204.4 ಮಿ.ಮೀ.ವರೆಗೆ. ಅದನ್ನೂ ಮೀರುವ ಹಾಗಿದ್ದರೆ ಕೆಂಪು. ಹಳದಿಗೆ ನಾನು ಹೊರಡುತ್ತೇನೆ. ಕಿತ್ತಳೆಗೆ ಇದ್ದಲ್ಲೇ ಇರುತ್ತೇನೆ. ಅದಕ್ಕೇ ಮೂರು ದಿನದ ಸುತ್ತಿಗೆ ನಾಲ್ಕು ದಿನ ರಜೆ ಬೇಕು.

ಯಾವ ಕಡೆಯಿಂದ ಸುತ್ತಬೇಕು?

ಇದನ್ನು ಯಾರೂ ಯೋಚಿಸುವುದಿಲ್ಲ. ನಾನು ದೇವಿಮನೆ ಹತ್ತಿ, ಜೋಗದ ಹತ್ತಿರದ ಮಾವಿನಗುಂಡಿಯಿಂದ ಗೇರುಸೊಪ್ಪಕ್ಕೆ ಇಳಿಯುತ್ತೇನೆ, ಉಲ್ಟಾ ಅಲ್ಲ. ಕಾರಣ ಕತಗಾಲ. ಘಟ್ಟದ ಬುಡದ ಈ ಊರಿನ ಹತ್ತಿರ ಚಂಡಿಕಾ ಹೊಳೆ ಉಕ್ಕಿದರೆ ಕುಮಟಾ–ಶಿರಸಿ ರಸ್ತೆಯೇ ಬಂದ್. ಕುಮಟಾದಿಂದ ಹೊರಟವನಿಗೆ ಇದು ಬೆಳಗ್ಗೆಯೇ ಗೊತ್ತಾಗುತ್ತದೆ. ವಾಪಸ್ ಹೋಗಿ ಬಿಸಿ ಬನ್ಸ್ ತಿನ್ನಬಹುದು. ಶಿರಸಿಯಿಂದ ಇಳಿದು ಬಂದವನಿಗೆ ಗೊತ್ತಾಗುವುದು ಇಡೀ ಘಟ್ಟ ಮುಗಿದ ಮೇಲೆ. ಆಗ ತಿರುಗಿ ಹತ್ತುವ ಕಾಲು ಯಾರಿಗಿದೆ?

ಇನ್ನೊಂದು ಲಾಭವೂ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಏರನ್ನು ಮೊದಲ ದಿನದ ಹೊಸ ಕಾಲಲ್ಲಿ ಮುಗಿಸುತ್ತೀರಿ. ಉದ್ದದ ಇಳಿಜಾರು ಬರುವುದು ಕೊನೆಯ ದಿನ. ಅಷ್ಟರೊಳಗೆ ಶಿರಸಿಯಲ್ಲಿ ಸೈಕಲ್ ತೋರಿಸಿಕೊಳ್ಳಬಹುದು.

ಕುಮಟಾ–ಶಿರಸಿ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ನಡುವೆ ಬಂದ್ ಕೂಡ ಮಾಡಿದ್ದಾರೆ. ಹಾಗಾಗಿ ಮ್ಯಾಪ್ ಒಂದನ್ನೇ ನಂಬಬೇಡಿ. ಬಸ್ ಕಂಡಕ್ಟರ್‌ಗೆ, ಚಹಾ ಅಂಗಡಿಯವರಿಗೆ ಕೇಳಿ. "ತಮಾ, ಹೊಳೆ ಕೆಂಪಾಜು, ಇವತ್ತು ಹತ್ತಡ" (ತಮ್ಮಾ, ಹೊಳೆ ಕೆಂಪಾಗಿದೆ, ಇವತ್ತು ಹತ್ತಬೇಡ) ಎಂದು ಒಮ್ಮೆ ಒಬ್ಬ ಅಜ್ಜ ಹೇಳಿದ್ದರು. ಆ ದಿನ ನಾನು ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಮೇಲೆ ಮೊಣಕಾಲು ನೀರು.

ಸೈಕಲ್ಲಿನ ಜೀವ ಬ್ರೇಕಿನಲ್ಲಿದೆ

ದುಬಾರಿ ಸೈಕಲ್ ಬೇಕಿಲ್ಲ. ಒಳ್ಳೇ ಬ್ರೇಕ್ ಬೇಕು. ರಿಮ್ ಹಿಡಿಯುವ ಬ್ರೇಕ್ ಒದ್ದೆಯಾದಾಗ ತಕ್ಷಣ ಹಿಡಿಯುವುದಿಲ್ಲ. ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಆ ಹೊತ್ತಿಗೆ ತಿರುವು ಬಂದಾಗಿರುತ್ತದೆ. ಆದ್ದರಿಂದ ತಿರುವು ಕಾಣುವ ಮೊದಲೇ ಹಗುರಾಗಿ ಒತ್ತಿ ರಿಮ್ ಒಣಗಿಸಿಕೊಳ್ಳಿ. ವೇಗ ಕಡಿಮೆ ಮಾಡುವುದೆಲ್ಲ ನೆಟ್ಟಗಿನ ದಾರಿಯಲ್ಲೇ ಮುಗಿಯಬೇಕು. ತಿರುವಿನ ಮಧ್ಯೆ ಬ್ರೇಕ್ ಬೇಡ.

ನಮ್ಮ ಕೆಂಪು ಮಣ್ಣಿನ ರಾಡಿ ಬ್ರೇಕ್ ರಬ್ಬರನ್ನು ಅರದ ಹಾಗೆ ತಿನ್ನುತ್ತದೆ. ಹೊಸತು ಹಾಕಿಸಿಕೊಂಡೇ ಹೊರಡಿ, ಒಂದು ಜೊತೆ ಚೀಲದಲ್ಲೂ ಇರಲಿ. ಡಿಸ್ಕ್ ಬ್ರೇಕ್ ಮಳೆಗೆ ವಾಸಿ, ಆದರೆ ಅದರ ಪ್ಯಾಡ್ ಕೂಡ ಸವೆಯುತ್ತದೆ. ಅದು ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ.

ಟಯರಿಗೆ ಗಾಳಿ ಸ್ವಲ್ಪ ಕಡಿಮೆ ಇಡಿ, ರಸ್ತೆ ಚೆನ್ನಾಗಿ ಹಿಡಿಯುತ್ತದೆ. ಎರಡೂ ಕಡೆ ಮಡ್‌ಗಾರ್ಡ್ ಹಾಕಿಸಿ. ಹಗಲಲ್ಲೂ ಹಿಂದೆ ಮುಂದೆ ದೀಪ ಉರಿಯುತ್ತಿರಲಿ, ಘಟ್ಟದ ಮಂಜಿನಲ್ಲಿ ಲಾರಿಯವರಿಗೆ ನೀವು ಕಾಣಬೇಕಲ್ವಾ? ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಸಂದು, ಪಾಚಿ ಕಟ್ಟಿದ ಅಂಚು, ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ.

ಒದ್ದೆ ಆಗಿ, ತಣ್ಣಗಾಗಬೇಡಿ

ಯಾವ ರೇನ್‌ಕೋಟೂ ನಿಮ್ಮನ್ನು ಒಣಗಿದಂತೆ ಇಡುವುದಿಲ್ಲ. ಹೊರಗೆ ಮಳೆ, ಒಳಗೆ ಬೆವರು. ಏರುವಾಗ ಅದನ್ನು ಬಿಚ್ಚಿಡಿ, ಇಳಿಯುವಾಗ ಹಾಕಿಕೊಳ್ಳಿ. ಇಳಿಜಾರಿನ ಗಾಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಒತ್ತುವವರು ಯಾರು? ಕೈಗವಸು ಎರಡು ಜೊತೆ ಇರಲಿ.

ಸಾಮಾನನ್ನು ಒಂದೊಂದಾಗಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ. ರಾತ್ರಿಯ ಒಣ ಬಟ್ಟೆ ಯಾವ ಕಾರಣಕ್ಕೂ ಹಗಲಲ್ಲಿ ಹೊರಗೆ ಬರಬಾರದು. ಉಳಿಯಲು ಮನೆ ಹುಡುಕುವಾಗ ನಾನು ಕೇಳುವುದು ವೈಫೈ ಅಲ್ಲ, ಬಚ್ಚಲ ಒಲೆ. ಸಂಜೆ ಶೂ, ಸಾಕ್ಸ್ ಆ ಒಲೆಯ ಹತ್ತಿರ ಇಟ್ಟರೆ ಬೆಳಗ್ಗೆ ಹೊಗೆ ವಾಸನೆ ಬರುತ್ತದೆ, ಆದರೆ ಒಣಗಿರುತ್ತದೆ. ಕರೆಂಟ್ ಹೋಗುವುದು ಮಾಮೂಲು, ಘಟ್ಟದಲ್ಲಿ ನೆಟ್‌ವರ್ಕೂ ಇಲ್ಲ. ಪವರ್ ಬ್ಯಾಂಕ್ ಇರಲಿ. ಆಯಾ ದಿನ ಎಲ್ಲಿಗೆ ಹೋಗುತ್ತೀರಿ ಎಂದು ಮನೆಯವರಿಗೆ ಹೊರಡುವಾಗಲೇ ಹೇಳಿಬಿಡಿ.

ತಿನ್ನಲು ಸುಕೇಳಿ. ಬಾಳೆಹಣ್ಣು ಒಣಗಿಸಿ ಮಾಡಿದ ಇದು ಚೀಲದಲ್ಲಿ ಕೆಡುವುದಿಲ್ಲ, ಒಂದು ತುಂಡು ಬಾಯಿಗೆ ಹಾಕಿದರೆ ನಾಲ್ಕು ತಿರುವು ಏರಬಹುದು.

ದಾರಿಯಲ್ಲಿ

ಏರಿನಲ್ಲಿ ತಾಸಿಗೆ 6–8 ಕಿ.ಮೀ. ಅಂತ ಹಿಡಿಯಿರಿ. ಸಂಜೆ ನಾಲ್ಕಕ್ಕೆ ಸೈಕಲ್ ನಿಲ್ಲಬೇಕು. ಮರಗಳ ಅಡಿಯಲ್ಲಿ ಕತ್ತಲು ಬೇಗ ಇಳಿಯುತ್ತದೆ.

ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ, ಫೋಟೋಗೂ ಬೇಡ, ಮಳೆಗೆ ಮರೆಯಾಗಲೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ಚಹಾ ಅಂಗಡಿಯಲ್ಲಿದ್ದವರು ಸಿಕ್ಕಿಬಿದ್ದರು, ಲಾರಿ ಗಂಗಾವಳಿ ಹೊಳೆಯ ಪಾಲಾಯಿತು. ಚರಂಡಿಯ ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ, ಮರ ವಾಲಿದ್ದರೆ ಬಂದ ದಾರಿಗೆ ತಿರುಗಿ. ಸಹಾಯಕ್ಕೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ರಸ್ತೆ ಮೇಲೆ ನೀರು ಹರಿಯುತ್ತಿದ್ದು ನೆಲ ಕಾಣದಿದ್ದರೆ, ಎದುರಿನ ಜೀಪು ದಾಟಿತೆಂದು ನೀವೂ ನುಗ್ಗಬೇಡಿ. ಜೀಪಿಗಿರುವ ಭಾರ ಸೈಕಲ್ಲಿಗಿಲ್ಲ.

ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರುವ ಅಗತ್ಯವಿಲ್ಲ. ಸೈಕಲ್ ಓಡುವಾಗ ಅದು ಹತ್ತುವುದು ಕಡಿಮೆ. ಹುಲ್ಲಿನಲ್ಲಿ ಕಾಲಿಟ್ಟು ನಿಂತಿರೋ, ಬಂತು. ಉಪ್ಪು ಅಥವಾ ಎಲೆಗೆ ಹಚ್ಚುವ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ.

ಎರಡನೇ ದಿನ ಶಿರಸಿಯಿಂದ ಸಿದ್ದಾಪುರಕ್ಕೆ ಏರಿಳಿತದ ಹಿತವಾದ ದಾರಿ, ಹೆಚ್ಚು ಹೇಳುವಂಥದ್ದಿಲ್ಲ. ಜೋಗದಲ್ಲಿ ಮಂಜು ಮುಚ್ಚಿದ್ದರೆ ಒಂದು ತಾಸು ಕಾಯಿರಿ, ಸರಿಯುತ್ತದೆ. ಆ ರಾತ್ರಿ ಬ್ರೇಕ್ ರಬ್ಬರ್ ಬೆರಳಲ್ಲಿ ಮುಟ್ಟಿ ನೋಡಿ, ಸವೆದಿದ್ದರೆ ಬದಲಿಸಿ. ಮೂರನೇ ದಿನ ಗೇರುಸೊಪ್ಪಕ್ಕೆ ಇಳಿಯುವಾಗ ಪ್ರತಿ ಎರಡು ಮೂರು ಕಿಲೋಮೀಟರಿಗೆ, ಎರಡೂ ಕಡೆಯಿಂದ ವಾಹನಕ್ಕೆ ಕಾಣುವಂಥ ಜಾಗದಲ್ಲಿ ನಿಂತು ಕೈಗೆ ಬಿಡುವು ಕೊಡಿ. ನಿಂತಾಗ ಮೇಲೆ ನೋಡಿ, ಸಿಂಗಳೀಕ ಕಂಡರೂ ಕಾಣಬಹುದು.

ಹೊನ್ನಾವರದಿಂದ ರೈಲಿಗೆ ಸೈಕಲ್ ಹಾಕುವುದಿದ್ದರೆ ಮೊದಲೇ ಸ್ಟೇಷನ್ನಿನಲ್ಲಿ ವಿಚಾರಿಸಿ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ರೈಲು ನಿಧಾನ. ಮನೆ ಮುಟ್ಟಿದ ದಿನವೇ ಸೈಕಲ್ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾಳೆ ಅಂದರೆ ತುಕ್ಕು. ಶೂ ಒಳಗೂ ಒಮ್ಮೆ ನೋಡಿ. ನನ್ನದರಲ್ಲಿ ಒಂದು ಉಂಬಳ ಟಿಕೆಟ್ ಇಲ್ಲದೆ ಕಾರವಾರದ ತನಕ ಬಂದಿತ್ತು.