ಶೆಟ್ಟಿ ಅಂಗಡಿಗೆ ಸಾಲ ಕೇಳೋಕೆ ಬಂದ ಸೂಪರ್‌ಹೀರೋ

ಸರಸ್ವತಿಪುರಂನ ನಮ್ಮ ಮನೆ ವರಾಂಡದಲ್ಲಿ ಮಧ್ಯಾಹ್ನದ ಹೊತ್ತು ಒಂಬತ್ತು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಎಲ್ಲರೂ ನಾಲ್ಕರಿಂದ ಆರು ವರ್ಷದವರು. ಹೋದ ವರ್ಷ ಒಬ್ಬ ಹುಡುಗ ಹುಟ್ಟುಹಬ್ಬಕ್ಕೆ ಸಿಕ್ಕ ಸೂಪರ್‌ಹೀರೋ ಗೊಂಬೆ ತಂದ. ಡಬ್ಬದ ಹಿಂದೆ ಅವನ ಊರು, ಶಕ್ತಿ, ಶತ್ರು ಎಲ್ಲಾ ಅಚ್ಚಾಗಿತ್ತು. ಹತ್ತು ನಿಮಿಷ ಆಡಿದರೋ ಇಲ್ಲವೋ, ಜಗಳ. ಒಬ್ಬಳು ಅದಕ್ಕೆ ಊಟ ಮಾಡಿಸಲು ಹೋದಳು, ಇವನು "ಆಂಟಿ, ಅವನು ಅನ್ನ ತಿನ್ನಲ್ಲ, ಬರೀ ಫೈಟ್ ಮಾಡೋದು!" ಅಂತ ಗೋಳೋ ಅಂದ.

ಡಬ್ಬ ಅಡಗಿಸಿಟ್ಟೆ. ಏನೂ ಪ್ರಯೋಜನ ಆಗಲಿಲ್ಲ, ಟಿವಿ ನೋಡಿ ಕಥೆಯೆಲ್ಲ ಬಾಯಿಪಾಠ ಆಗಿತ್ತಲ್ವಾ. ಸರಿ, ಕಥೆಯೇ ಇಲ್ಲದ್ದು ಕೊಡೋಣ ಅಂತ ಚನ್ನಪಟ್ಟಣದಿಂದ ಆಲೆ ಮರದ, ಅರಗಿನ ಬಣ್ಣದ ಗೊಂಬೆಗಳನ್ನು ತಂದೆ. ಒಂದರ ಮೇಲೊಂದು ಪೇರಿಸಿ ಬೀಳಿಸಿದರು, ಎರಡು ದಿನಕ್ಕೆ ಬೇಜಾರು. ಏನೂ ಹೇಳದ ಗೊಂಬೆ ಕೊಟ್ಟರೆ ಮಕ್ಕಳು ತಾವೇ ಕಥೆ ಕಟ್ಟುತ್ತಾರೆ ಅನ್ನೋ ಮಾತನ್ನು ಅವತ್ತಿನಿಂದ ಪೂರ್ತಿ ನಂಬಿಲ್ಲ.

ದಾರಿ ಸಿಕ್ಕಿದ್ದು ದಸರಾದಲ್ಲಿ ಗೊಂಬೆ ಕೂರಿಸಿದಾಗ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿ, ನನ್ನ ಮದುವೆಯಲ್ಲಿ ತವರಿನಿಂದ ಬಂದವರು, ಅವರನ್ನು ಮುಟ್ಟುವ ಹಾಗಿಲ್ಲ. ಮಕ್ಕಳೆಲ್ಲ ಕೆಳಗೆ ಶೆಟ್ಟಿ, ಶೆಟ್ಟಮ್ಮನ ಮುಂದೆಯೇ ಠಿಕಾಣಿ ಹಾಕಿದರು. ಅಲ್ಲಿ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಗುಡ್ಡೆಗಳು. ಶೆಟ್ಟಿಗೂ ಕಥೆ ಇದೆ ನೋಡಿ: ಅಂಗಡಿ ಇದೆ, ಹೆಂಡತಿ ಇದ್ದಾಳೆ. ಅಷ್ಟೇ! ಯಾರು ಬಾಕಿ ಇಟ್ಟಿದ್ದಾರೆ, ತಕ್ಕಡಿಯಲ್ಲಿ ಯಾರು ಮೋಸ ಮಾಡಿದರು, ಅದೆಲ್ಲ ಮಕ್ಕಳ ಕೆಲಸ.

ಗೊಂಬೆಯ ಜೊತೆ ಎಷ್ಟು ಕಥೆ ಕೊಡಬೇಕು ಅನ್ನೋದು ಬೇರೆ ಕಡೆಯೂ ಒಂದೇ ಥರ ಇಲ್ಲ. ಅಮೆರಿಕದಲ್ಲಿ 1982ರಲ್ಲಿ ಬಂದ ಹೀ-ಮ್ಯಾನ್ ಅನ್ನೋ ಫೈಟಿಂಗ್ ಹೀರೋ ಗೊಂಬೆಯ ಜೊತೆ ಪುಟ್ಟ ಕಾಮಿಕ್ಸ್ ಪುಸ್ತಕವನ್ನೇ ಇಡುತ್ತಿದ್ದರು, ಶತ್ರು ಯಾರು ಅನ್ನೋದೂ ಮೊದಲೇ ತೀರ್ಮಾನ. 1983ರಲ್ಲಿ ಅಂಗಡಿ ಅಂಗಡಿಗಳಲ್ಲಿ ನೂಕುನುಗ್ಗಲು ಎಬ್ಬಿಸಿದ ಕ್ಯಾಬೇಜ್ ಪ್ಯಾಚ್ ಗೊಂಬೆಗೆ ಒಂದು ಹೆಸರು, ಒಂದು ಜನನ ಪತ್ರ, ದತ್ತು ಕಾಗದ. ಮುಂದೆ ಅದನ್ನು ಹೇಗೆ ಬೆಳೆಸಬೇಕು ಅನ್ನೋದು ಮಗುವಿಗೆ ಬಿಟ್ಟಿದ್ದು. ಇದು ನಮ್ಮ ಶೆಟ್ಟಿಗೆ ದೂರದ ನೆಂಟ ಇರಬೇಕು.

ಹಬ್ಬ ಮುಗಿದ ಮೇಲೆ ಚನ್ನಪಟ್ಟಣದ ಗೊಂಬೆಗಳನ್ನು ಮತ್ತೆ ಹೊರಗೆ ತೆಗೆದು ಒಂದೊಂದಕ್ಕೂ ಒಂದೇ ಸಾಲು ಹೇಳಿದೆ. "ಈ ಅಜ್ಜಿ ಮಂಡ್ಯದಿಂದ ಬಸ್ಸಲ್ಲಿ ಬಂದಿದ್ದಾಳೆ, ಚೀಲದಲ್ಲಿ ಏನಿದೆ ಅಂತ ಯಾರಿಗೂ ಹೇಳಲ್ಲ." ಮೊದಲ ದಿನ ಚೀಲದಲ್ಲಿ ಅಚ್ಚು ಬೆಲ್ಲ ಇತ್ತು. ಮಾರನೇ ದಿನ ಬೆಕ್ಕು. ಆಮೇಲೊಂದು ದಿನ ಅಜ್ಜಿಯದೇ ಹಲ್ಲು ಸೆಟ್ಟು! ಒಂದು ಪೊಲೀಸ್ ಗೊಂಬೆಗೆ ಮಾತ್ರ ನಾನು ಹುರುಪಿನಲ್ಲಿ ಕಳ್ಳನನ್ನು ಹಿಡಿದು ಬಹುಮಾನ ತಗೊಳ್ಳೋವರೆಗೂ ಕಥೆ ಕಟ್ಟಿ ಹೇಳಿಬಿಟ್ಟೆ, ಅದನ್ನು ಯಾರೂ ಮುಟ್ಟಲಿಲ್ಲ. ಕೇಳಿದರೆ "ಅವನದು ಮುಗೀತಲ್ಲ ಆಂಟಿ" ಅಂದರು.

ಶೆಟ್ಟಿ ದಂಪತಿಯನ್ನು ಪೆಟ್ಟಿಗೆಗೆ ಸೇರಿಸಲು ಬಿಡಲಿಲ್ಲ, ಹಾಗಾಗಿ ಅಂಗಡಿ ಈಗಲೂ ವರಾಂಡದಲ್ಲೇ ಇದೆ. ಹೋದ ವಾರ ಆ ಹುಡುಗನೇ ತನ್ನ ಸೂಪರ್‌ಹೀರೋನನ್ನು ಅಲ್ಲಿಗೆ ಕರೆತಂದ. ಫೈಟಿಗೆ ಇವತ್ತು ರಜಾ, ಒಂದು ಸೇರು ಅಕ್ಕಿ ಸಾಲ ಬೇಕಂತೆ. ಅವತ್ತು ಊಟ ಮಾಡಿಸಲು ಹೋಗಿದ್ದವಳೇ ಶೆಟ್ಟಮ್ಮ. "ಹಳೇ ಬಾಕಿ ಕೊಟ್ಟು ಹಾರು" ಅಂದಳು.