ಭಾಗಗಳನ್ನಲ್ಲ, ನಂಟುಗಳನ್ನು ಎಣಿಸಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್. ಮಂಡ್ಯ ಕಡೆಯ ಆಲೆಮನೆಗಳಿಗೆ ಗಾಣ, ರಸದ ಪಂಪು, ಒಲೆ, ಕೊಪ್ಪರಿಗೆ, ಕಂಟ್ರೋಲ್ ಪ್ಯಾನೆಲ್ ಎಲ್ಲ ಸೇರಿಸಿ ಡಿಸೈನ್ ಮಾಡಿಕೊಡುತ್ತೇವೆ. ಭಾಗ ಜಾಸ್ತಿ ಇದ್ದರೆ ಡಿಸೈನ್ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕಷ್ಟ ಇರುವುದು ನಂಟಿನಲ್ಲಿ. 12 ಭಾಗಕ್ಕೆ ಹೆಚ್ಚೆಂದರೆ 66 ಜೋಡಿ ನಂಟು. ಭಾಗ 24 ಆದರೆ ಅದು 276!

ಅಳೆಯುವುದಕ್ಕೆ ನಾನು ಬಳಸುವುದು ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್. ಡೊನಾಲ್ಡ್ ಸ್ಟೀವರ್ಡ್ 1981ರಲ್ಲಿ ಬರೆದ ವಿಧಾನ. ಎಕ್ಸೆಲ್ ಹಾಳೆ ಸಾಕು. ಎಡಕ್ಕೂ ಮೇಲಕ್ಕೂ ಅದೇ ಭಾಗಗಳ ಹೆಸರು. ಒಂದು ಭಾಗ ಇನ್ನೊಂದನ್ನು ನೆಚ್ಚಿಕೊಂಡಿದ್ದರೆ ಆ ಚೌಕದಲ್ಲಿ ಗುರುತು. ಬರೀ ಬೋಲ್ಟಿನ ನಂಟಿಗೆ 1, ಕರೆಂಟು ಅಥವಾ ಸಿಗ್ನಲ್‌ಗೆ 2, ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಹೊಸದಾಗಿ ಡಿಸೈನ್ ಮಾಡಬೇಕು ಅನ್ನುವಂಥದ್ದಕ್ಕೆ 3. ಈ ಅಂಕಗಳು ನಮ್ಮದೇ ಲೆಕ್ಕ. ಒಂದೇ ಮೆಷಿನ್ನಿನ ಎರಡು ಡಿಸೈನ್ ಹೋಲಿಸೋಕೆ ಸಾಕು, ಬೇರೆ ಮೆಷಿನ್ ಜೊತೆ ಹೋಲಿಸಬಾರದು.

ಕಳೆದ ಸಲ ಪಾಂಡವಪುರದ ಕಡೆಯ ಆಲೆಮನೆಯವರು, "ಸಾರ್, ಒಲೆ ಬ್ಲೋವರ್‌ಗೂ ಆಟೋಮ್ಯಾಟಿಕ್ ಹಾಕ್ಬಿಡಿ" ಅಂದರು. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಒಂದು ಡ್ರೈವ್ ತಾನೇ? ಹಾಳೆಯಲ್ಲಿ ಹಾಕಿ ನೋಡಿದರೆ ಆ ಒಂದು ಡ್ರೈವ್ ಬ್ಲೋವರ್, ಪ್ಯಾನೆಲ್, ಕರೆಂಟಿನ ಲೈನು, ಪ್ರೋಗ್ರಾಂ, ಕೊಪ್ಪರಿಗೆಯ ಬಿಸಿ ಅಳೆಯುವ ಥರ್ಮೋಕಪಲ್, ಎಲ್ಲಕ್ಕೂ ಅಂಟಿಕೊಂಡಿತ್ತು. ಕೊನೆಯದಕ್ಕೆ ವೈರಿನ ನಂಟೇ ಇಲ್ಲ. ಆದರೆ ಥರ್ಮೋಕಪಲ್ ಕೊಡುವುದು ಮಿಲಿವೋಲ್ಟ್ ಸಿಗ್ನಲ್. ಪಕ್ಕದಲ್ಲೇ ಡ್ರೈವ್ ಕೇಬಲ್ ಹೋದರೆ ಅದರ ಕರೆಂಟಿನ ನಾಯ್ಸ್‌ಗೆ ರೀಡಿಂಗ್ ಕುಣಿಯುತ್ತದೆ. ಇಂಥ ಕಾಣದ ನಂಟಿಗೂ ಗುರುತು ಹಾಕಲೇಬೇಕು.

ಡ್ರೈವನ್ನು ಬೇರೆ ಪೆಟ್ಟಿಗೆಗೆ ಹಾಕಿ, ನಾಯ್ಸ್ ತಡೆಯುವ ಶೀಲ್ಡ್ ಕೇಬಲ್ ಎಳೆದು, ಪ್ಯಾನೆಲ್‌ನಿಂದ ಅದಕ್ಕೆ ವೇಗ ಹೇಳುವ ಒಂದೇ ಸಿಗ್ನಲ್ ಕೊಟ್ಟೆವು. ಒಟ್ಟು ಅಂಕ ಅಷ್ಟೇನೂ ಇಳಿಯಲಿಲ್ಲ. ತಮ್ಮತಮ್ಮಲ್ಲೇ ಹೆಚ್ಚು ನಂಟಿರುವ ಭಾಗಗಳನ್ನು ಒಂದೊಂದು ಗುಂಪು ಅಂದುಕೊಂಡರೆ, ಗುಂಪಿನಿಂದ ಗುಂಪಿಗೆ ದಾಟುವ ಗುರುತುಗಳು ಮಾತ್ರ ಕಡಿಮೆಯಾದವು. ನಾನು ನೋಡುವುದು ಅದನ್ನೇ.

ಎಲ್ಲವನ್ನೂ ಪ್ಯಾನೆಲ್ ಒಳಗೆ ಪ್ರೋಗ್ರಾಂ ಓಡಿಸುವ ಸಣ್ಣ ಕಂಪ್ಯೂಟರ್ ಆದ ಪಿಎಲ್‌ಸಿಗೆ ತುಂಬಿದರೆ ವೈರು ಕಡಿಮೆ, ಆದ್ದರಿಂದ ಡಿಸೈನ್ ಸರಳ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ವೈರಿನಲ್ಲಿದ್ದ ನಂಟು ಪ್ರೋಗ್ರಾಂ ಒಳಗೆ ಹೋಗಿ ಕೂರುತ್ತದೆ, ಅಷ್ಟೇ.

ಪಾಕ ಬಂತೋ ಇಲ್ಲವೋ ಅನ್ನುವುದನ್ನೂ ಮೆಷಿನ್ನೇ ಹೇಳಲಿ ಅಂತ ಆ ಆಲೆಮನೆಯವರಿಗೆ ಆಸೆ ಇತ್ತು. ಬೆಲ್ಲದ ಪಾಕ ಸುಮಾರು 118 ಡಿಗ್ರಿಗೆ ಬರುತ್ತದೆ ಅನ್ನುವುದೇನೋ ನಿಜ, ಆದರೆ ಕಬ್ಬಿನ ತಳಿ, ರಸದ ಗುಣ ನೋಡಿ ಅದು ಹೆಚ್ಚುಕಡಿಮೆ ಆಗುತ್ತದೆ. ಪಾಕದವರು ಒಂದು ತೊಟ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹೇಳಿಬಿಡುತ್ತಾರೆ. ಆ ಕೆಲಸವನ್ನು ಅವರಿಗೇ ಬಿಟ್ಟೆವು. ಪ್ಯಾನೆಲ್ ಬರೀ ಡಿಗ್ರಿ ತೋರಿಸುತ್ತದೆ, ಬ್ಲೋವರ್ ನಿಲ್ಲಿಸುವ ಬಟನ್ ಅವರ ಕೈಯಲ್ಲೇ ಇದೆ.